ಕಸ್ತೂರಿ ಉದುರದ ಬೆಟ್ಟ

ದೇಚೆನ್ ಬೆಟ್ಟವನ್ನು ಏರಿ ಹೋದವರಿಗೆ, ಮರಗಳೆಲ್ಲ ಕುಳ್ಳಾಗುತ್ತ ಬಂದು ಇನ್ನು ಮುಂದೆ ಬರಿಯ ಬಂಡೆಗಳೇ ಎನ್ನುವಂಥ ಕಡೆಯಲ್ಲಿ ಒಂದು ಕಲ್ಲಿನ ಗುಡಿಸಿಲು ಕಾಣಿಸುತ್ತದೆ. ಪೂಜ್ಯ ಅನಿ ನೊರ್ಜಿನ್ ಅವರು ತಮ್ಮ ಬಾಳಿನ ಕೊನೆಯ ಭಾಗವನ್ನು ಕಳೆದದ್ದು ಅಲ್ಲಿ. ಅರುಣಾಚಲದ ಗಡಿಯಲ್ಲಿ, ಮೋಡಗಳು ಕಾಲ ಕೆಳಗೆ ಓಡಾಡುವಷ್ಟು ಎತ್ತರದಲ್ಲಿರುವ ಈ ಬೆಟ್ಟವನ್ನು ಸುತ್ತಲಿನ ಬೌದ್ಧರು ದೇವರೆಂದೇ ನಂಬಿ ಪ್ರದಕ್ಷಿಣೆ ಹಾಕುತ್ತಾರೆ. ಗುಡಿಸಿಲಿನಲ್ಲಿ ಒಂದು ಒಲೆ, ಮಸಿ ಹಿಡಿದ ಚಹಾದ ಪಾತ್ರೆ, ಕೂತು ಕೂತು ತೆಳ್ಳಗಾದ ಒಂದು ಕಂಬಳಿ, ಗೂಡಿನಲ್ಲಿ ಬುದ್ಧ ಭಗವಾನರ ಅಂಗೈಯಗಲದ ಮೂರ್ತಿ. ಬಾಗಿಲಿತ್ತು, ಚಿಲಕವಿರಲಿಲ್ಲ. ಬಂದವರು ಯಾರೇ ಆಗಲಿ, ಆಶೀರ್ವಾದಕ್ಕಿಂತ ಮೊದಲು ಅವರ ಕೈಗೆ ಬಿಸಿ ಚಹಾ ಬರುತ್ತಿತ್ತು.

ಅಷ್ಟು ದೂರ ಹೋದ ಕನ್ನಡಿಗರು ಹೆಚ್ಚಿಲ್ಲ. ಆದರೆ ಹೋದವರೆಲ್ಲ ಒಂದು ವಿಷಯಕ್ಕೆ ಬೆರಗಾಗಿದ್ದಾರೆ. ಟಿಬೆಟ್ಟಿನಲ್ಲಿ ಹುಟ್ಟಿದ ಆ ವೃದ್ಧ ಸನ್ಯಾಸಿನಿಯವರು ಅಚ್ಚ ಪಿರಿಯಾಪಟ್ಟಣದ ಕನ್ನಡ ಮಾತನಾಡುತ್ತಿದ್ದರು. ನಿರಾಶ್ರಿತರಾಗಿ ಬಂದ ಟಿಬೆಟ್ಟಿನವರಿಗೆ ಬೈಲಕುಪ್ಪೆಯಲ್ಲಿ ನೆಲೆ ಸಿಕ್ಕಿದ ಕಾಲದಲ್ಲಿ ಬಂದವರು ಅವರು. ಕಾಡು ಕಡಿದ ನೆಲದಲ್ಲಿ ಮುಸುಕಿನ ಜೋಳ ಬೆಳೆದು, ತಲೆಯ ಮೇಲೆ ಸಂತೆಗೆ ಹೊತ್ತು, ನಮ್ಮ ಜನ ಇಂದಿಗೂ ‘ಕ್ಯಾಂಪು’ ಎಂದು ಕರೆಯುವ ಆ ನೆಲೆಯಲ್ಲಿ ಬಹುಕಾಲ ಬಾಳಿದವರು. ‘ಅನಿ’ ಎಂದರೆ ಅವರ ಭಾಷೆಯಲ್ಲಿ ಸನ್ಯಾಸಿನಿ. ಪಿರಿಯಾಪಟ್ಟಣದವರು ಅದರ ತುದಿಗೊಂದು ‘ಅಮ್ಮ’ ಸೇರಿಸಿ ಅವರನ್ನು ಮನೆಯವರನ್ನಾಗಿ ಮಾಡಿಕೊಂಡುಬಿಟ್ಟರು. ಅನಿಯಮ್ಮನವರು ವಯಸ್ಸಾದ ಮೇಲೆ ಧ್ಯಾನಕ್ಕೆಂದು ದೇಚೆನ್ ಬೆಟ್ಟ ಸೇರಿದಾಗ, ಆ ಕನ್ನಡವೂ ಅವರ ಜೊತೆಯಲ್ಲೇ ಬೆಟ್ಟ ಹತ್ತಿತು.

ಆ ಬೆಟ್ಟಕ್ಕೆ ಇನ್ನೊಂದು ಹಿರಿಮೆಯಿದೆ. ಬೇರೆಲ್ಲೂ ಸುಲಭವಾಗಿ ಕಾಣದ ಪ್ರಾಣಿಗಳು ಅಲ್ಲಿ ನಿರ್ಭಯವಾಗಿ ಬದುಕಿವೆ. ಕೆಂಪು ಪಾಂಡಾ ಇದೆ, ಹಿಮಚಿರತೆಯ ಹೆಜ್ಜೆ ಇದೆ, ಎಲ್ಲಕ್ಕಿಂತ ಮಿಗಿಲಾಗಿ ಕಸ್ತೂರಿ ಮೃಗಗಳಿವೆ. ಪ್ರತಿ ವಸಂತದಲ್ಲಿ ಭಿಕ್ಷುಗಳು ಬುಡದ ಸ್ತೂಪದ ಬಳಿ ಕೂಡಿ, ಮಂತ್ರ ಹೇಳಿ, ಬೆಟ್ಟಕ್ಕೆ ‘ಮುದ್ರೆ’ ಹಾಕುತ್ತಾರೆ. ಮುದ್ರೆ ಬಿದ್ದ ಬೆಟ್ಟದಲ್ಲಿ ಯಾರೂ ಉರುಳು ಒಡ್ಡುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ, ಆಟಕ್ಕೆಂದು ಒಂದು ಕಲ್ಲನ್ನೂ ಉರುಳಿಸುವಂತಿಲ್ಲ. ಬೇಟೆ ಬಿಟ್ಟವರು ತಮ್ಮ ಉರುಳು, ಬಂದೂಕುಗಳನ್ನು ಹೊತ್ತು ತಂದು ಅನಿಯಮ್ಮನವರ ಗುಡಿಸಿಲಿನ ಪಕ್ಕದ ಕಾವಲುದೇವರ ಗುಡಿಯಲ್ಲಿ ನೇತುಹಾಕಿ ಹೋಗುತ್ತಿದ್ದರು. ಒಮ್ಮೆ ಅಲ್ಲಿ ನೇತುಬಿದ್ದದ್ದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಇಂಥ ಬೆಟ್ಟಕ್ಕೆ ಒಂದು ಶರತ್ಕಾಲದಲ್ಲಿ ಪಿರಿಯಾಪಟ್ಟಣದ ಅಮರನಾರಾಯಣ ಶೆಟ್ಟರು ಬಂದರು. ಬಂದದ್ದು ಪುಣ್ಯಕ್ಕಲ್ಲ. ಕಸ್ತೂರಿಗೆ.

ಶೆಟ್ಟರದು ಗ್ರಂಧಿಗೆ ಅಂಗಡಿ. ಬಜೆ, ಹಿಪ್ಪಲಿ, ಅಳಲೆಕಾಯಿ, ಲಾವಂಚ, ಪೂಜೆಯ ಸಾಮಾನು, ಬಾಣಂತಿಗೆ ಬೇಕಾದ ಬೇರುನಾರು, ಎಲ್ಲವೂ ಅವರಲ್ಲಿ ಸಿಗುತ್ತಿದ್ದವು. ಅವರು ಕಣ್ಣು ಮುಚ್ಚಿಕೊಂಡು ಮೂಸಿ ನೋಡಿ ಯಾವ ಬೇರು ಯಾವುದೆಂದು ಹೇಳಬಲ್ಲವರು. ಕೂಸಿನ ನೆಗಡಿಗೆಂದು ಯಾರಾದರೂ ಕಸ್ತೂರಿ ಮಾತ್ರೆ ಕೇಳಿಕೊಂಡು ಬಂದರೆ ಮಾತ್ರ ಶೆಟ್ಟರ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ‘ಈಗಿನ ಮಾತ್ರೆಯಲ್ಲಿ ಹೆಸರಿಗಷ್ಟೇ ಕಸ್ತೂರಿ. ನಿಜವಾದದ್ದು ಹಿಮಾಲಯದಲ್ಲಿದೆ. ಕಾಲ ಬಂದಾಗ ಆ ಮೃಗ ಹೊಟ್ಟೆಯನ್ನು ಕಲ್ಲಿಗೆ ಉಜ್ಜುತ್ತದೆ, ಕಸ್ತೂರಿ ತಾನಾಗಿಯೇ ಉದುರುತ್ತದೆ. ಯಾರಿಗೂ ನೋವಿಲ್ಲ, ಹಿಂಸೆಯಿಲ್ಲ. ಅದಕ್ಕೇ ಅದು ದೇವರ ಹಣೆಗೆ ಸಲ್ಲುತ್ತದೆ’ ಎಂದು ತಂದೆ ಹೇಳುತ್ತಿದ್ದುದನ್ನೇ ಅವರೂ ಹೇಳುತ್ತಿದ್ದರು. ಆಗ ಅಂಗಡಿಯ ಹಿಂದಿನ ಕೋಣೆಯಿಂದ, ಮೊರದಲ್ಲಿ ಧನಿಯ ಹಸನು ಮಾಡುತ್ತ ಕೂತ ಹೆಂಡತಿ ಸುನಂದಮ್ಮನವರ ದನಿ ಕೇಳಿಬರುತ್ತಿತ್ತು.

“ನೀವು ನೋಡಿದ್ರಾ?”

ಗಿರಾಕಿಗಳು ನಗುತ್ತಿದ್ದರು. ಶೆಟ್ಟರು ‘ನಿನಗೆಲ್ಲಾದರಲ್ಲೂ ಅನುಮಾನ’ ಎಂದು ಗೊಣಗಿಕೊಂಡು ಪೊಟ್ಟಣ ಕಟ್ಟುತ್ತಿದ್ದರು. ಈ ನಾಟಕವನ್ನು ನೋಡುವುದಕ್ಕೆಂದೇ ನೆಗಡಿಯಿಲ್ಲದವರೂ ಬಂದು ಕಸ್ತೂರಿ ಮಾತ್ರೆ ಕೇಳುತ್ತಿದ್ದರೆಂದು ಪೇಟೆಯವರು ಹೇಳುವುದುಂಟು.

ಒಂದು ಬೆಳಿಗ್ಗೆ ಸುನಂದಮ್ಮನವರಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬಲಗೈ, ಬಲಗಾಲು ಸೋತವು, ಮಾತು ಪೂರ್ತಿ ನಿಂತುಹೋಯಿತು. ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ, “ಅವರಿಗೆ ಕೇಳ್ಸತ್ತೆ, ಅರ್ಥಾನೂ ಆಗತ್ತೆ. ಬಿಡದೆ ಮಾತಾಡಿಸ್ತಾ ಇರಿ. ನಿಧಾನವಾಗಿ ಬರಬಹುದು” ಎಂದರು. ಶೆಟ್ಟರಿಗೆ ಇದು ‘ನಮ್ಮ ಕೈಲಿ ಔಷಧ ಇಲ್ಲ’ ಎಂದಂತೆ ಕೇಳಿಸಿತು. ತೂಗಿ, ಪೊಟ್ಟಣ ಕಟ್ಟಿ, ಕೈಗೆ ಕೊಡಲಾಗದ ವಸ್ತು ಔಷಧವೇ ಅಲ್ಲವೆಂದು ಜೀವಮಾನವೆಲ್ಲ ನಂಬಿದವರು ಅವರು. ಜಡವಾದ ನಾಲಿಗೆಯನ್ನು ಎಬ್ಬಿಸುವುದು ನಿಜವಾದ ಕಸ್ತೂರಿಯೊಂದೇ ಎಂದು ಅವರ ತಾತ ಹೇಳುತ್ತಿದ್ದ ಮಾತು ಅವರ ತಲೆಯಲ್ಲಿ ಬೇರೂರಿಬಿಟ್ಟಿತು.

ಇನ್ನೊಂದು ಮಾತನ್ನೂ ಹೇಳಬೇಕು. ಹೆಂಡತಿಯ ಮಂಚದ ಬಳಿ ಕೂರುವುದು ಶೆಟ್ಟರಿಂದ ಆಗುತ್ತಿರಲಿಲ್ಲ. ದಿನವಿಡೀ ಮಾತನಾಡುತ್ತಿದ್ದ ಬಾಯಿ ಮುಚ್ಚಿಕೊಂಡು, ಕಣ್ಣು ಮಾತ್ರ ತಮ್ಮನ್ನೇ ನೋಡುತ್ತಿದ್ದರೆ ಅವರ ಎದೆ ಒಡೆಯುತ್ತಿತ್ತು. ಉಪಚಾರಕ್ಕೆ ಸುನಂದಮ್ಮನವರ ತಂಗಿ ಹುಣಸೂರಿನಿಂದ ಬಂದು ನಿಂತಿದ್ದರು. ಶೆಟ್ಟರು ಔಷಧ ಹುಡುಕುವ ನೆಪದಲ್ಲಿ ಊರೂರು ಅಲೆದರು. ಅದು ಹೆಂಡತಿಯ ಮೇಲಿನ ಪ್ರೀತಿಯೇ ಸರಿ, ಆದರೆ ಓಡಿಹೋಗುವ ಪ್ರೀತಿ.

ಹೀಗಿರುವಾಗ ಕ್ಯಾಂಪಿನಿಂದ ಸಾಮಾನಿಗೆ ಬಂದ ಭಿಕ್ಷು ಚೋಫೆಲ್ ಎಂಬುವರು, ತಾವು ಅನಿಯಮ್ಮನವರ ದರ್ಶನಕ್ಕೆ ಹೊರಟಿರುವುದಾಗಿಯೂ, ಅಲ್ಲಿ ಸಂಜೆಯಾದರೆ ಅವರ ಬಾಗಿಲಿಗೇ ಕಸ್ತೂರಿ ಮೃಗ ಬರುತ್ತದೆಂದೂ ಹೇಳಿದರು. ಉಳಿದ ಮಾತು ಶೆಟ್ಟರ ಕಿವಿಗೆ ಹೋಗಲೇ ಇಲ್ಲ. ಮೃಗವಿದ್ದ ಕಡೆ ಉದುರಿದ ಕಸ್ತೂರಿ ಇರಲೇಬೇಕು, ಉದುರಿದ್ದನ್ನು ಆರಿಸಿಕೊಳ್ಳಲು ಯಾರ ಅಪ್ಪಣೆ ಬೇಕು? ತಾವೂ ತೀರ್ಥಯಾತ್ರೆಗೆ ಬರುವುದಾಗಿ ಹೇಳಿ, ಹೆಂಡತಿಯ ಕುಂಕುಮದ ಬೆಳ್ಳಿ ಭರಣಿಯನ್ನು ಖಾಲಿ ಮಾಡಿ, ತೊಳೆದು, ಒರೆಸಿ, ಮಡಿಲಿಗೆ ಸಿಕ್ಕಿಸಿಕೊಂಡು ಹೊರಟರು. ಕಸ್ತೂರಿಯನ್ನು ಹಾಕಿಕೊಂಡು ಬರಲು ಬೆಳ್ಳಿಯೇ ಯೋಗ್ಯ ಎಂಬುದು ಅವರ ಲೆಕ್ಕ.

ರೈಲು, ಬಸ್ಸು, ಜೀಪು ಎಲ್ಲ ಮುಗಿದು ಕಾಲುದಾರಿ ಸಿಕ್ಕಿತು. ಏರುವಾಗ ಶೆಟ್ಟರು ದಾರಿಯ ಪ್ರತಿ ಬಂಡೆಯ ಬಳಿ ಬಗ್ಗಿ, ಮಂಡಿಯೂರಿ, ಕೆಲವು ಕಡೆ ಉದ್ದಕ್ಕೂ ಮಲಗಿ ಸಂದಿಯಲ್ಲಿ ಇಣುಕಿ ನೋಡುತ್ತಿದ್ದರು. ಚೋಫೆಲ್ ಅವರಿಗೆ ಕಣ್ಣು ತುಂಬಿ ಬಂತು. ಕಲ್ಲು ಕಲ್ಲಿಗೂ ಸಾಷ್ಟಾಂಗ ಮಾಡುವ ಇಂಥ ಭಕ್ತಿಯನ್ನು ತಾವು ಲಾಮಾಗಳಲ್ಲೂ ಕಂಡಿಲ್ಲವೆಂದು ಅವರು ಎದುರಿಗೆ ಸಿಕ್ಕ ಯಾತ್ರಿಕರಿಗೆಲ್ಲ ಹೇಳಿದರು. ಆ ಯಾತ್ರಿಕರು ಶೆಟ್ಟರಿಗೇ ಕೈ ಮುಗಿದರು. ಶೆಟ್ಟರು ಮಂಡಿಯ ಮಣ್ಣು ಕೊಡವಿಕೊಳ್ಳುತ್ತ, ಮುಖ ತಗ್ಗಿಸಿಕೊಂಡು ಮುಂದೆ ನಡೆದರು.

ಅನಿಯಮ್ಮನವರು ಬಾಗಿಲ ಬಳಿಯ ಕಲ್ಲಿನ ಮೇಲೆ ಬಿಸಿಲಿಗೆ ಕೂತು ಕಂಬಳಿಯ ತೂತು ಹೊಲಿಯುತ್ತಿದ್ದರು. ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ನೋಡಿದರು. ಮುಖದ ಸುಕ್ಕುಗಳೆಲ್ಲ ಒಟ್ಟಿಗೆ ನಕ್ಕವು.

“ಅಯ್ಯೋ, ಶೆಟ್ರೇ! ಬನ್ನಿ ಬನ್ನಿ, ಒಳಗ್ ಬನ್ನಿ. ಊಟ ಆಯ್ತಾ? ಸುನಂದಮ್ಮ ಎಲ್ಲಿ, ಹಿಂದೆ ಬರ್ತಾ ಇದ್ದಾರಾ?”

ಶೆಟ್ಟರು ಬೆಚ್ಚಿ ತಲೆಯೆತ್ತಿದರು. ಆ ‘ಅಯ್ಯೋ’ದ ಎಳೆತ, ‘ಬನ್ನಿ ಬನ್ನಿ’ಯ ಅವಸರ, ಎಲ್ಲವೂ ಸುನಂದಮ್ಮನವರದೇ. ಹಾಗಾದದ್ದು ವಿಶೇಷವೇನಲ್ಲ. ಕ್ಯಾಂಪಿನ ಆ ದಿನಗಳಲ್ಲಿ ಅನಿಯಮ್ಮನವರು ಧೂಪಕ್ಕೆ ಬೇಕಾದ ಸಾಮಾನಿಗೆ ಸಂತೆ ದಿನ ಶೆಟ್ಟರ ಅಂಗಡಿಗೇ ಬರುತ್ತಿದ್ದರು, ಹೊಸದಾಗಿ ಮದುವೆಯಾಗಿ ಬಂದಿದ್ದ ಸುನಂದಮ್ಮನವರ ಜೊತೆ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಶೆಟ್ಟರು ಅದನ್ನು ಯಾವತ್ತೂ ಮನಸ್ಸಿಗೆ ಹಚ್ಚಿಕೊಂಡವರಲ್ಲ. ಹೆಂಗಸರ ಹರಟೆ ಎಂದುಕೊಂಡಿದ್ದರು, ಅಷ್ಟೆ.

“ಅವಳಿಗೆ ಸ್ವಲ್ಪ ಹುಷಾರಿಲ್ಲ, ಅನಿಯಮ್ಮ. ನಾನೊಬ್ನೇ ದರ್ಶನಕ್ಕೆ ಬಂದೆ” ಎಂದರು.

ಅನಿಯಮ್ಮನವರು ಒಂದು ಕ್ಷಣ ಅವರ ಮುಖವನ್ನು ನೋಡಿದರು. ಮತ್ತೇನೂ ಕೇಳದೆ ಬೆಣ್ಣೆ, ಉಪ್ಪು ಹಾಕಿ ಕಡೆದ ಚಹಾ ಕೊಟ್ಟರು. ಶೆಟ್ಟರು ಅದನ್ನು ಕಷಾಯ ಕುಡಿದಂತೆ ಕಣ್ಣು ಮುಚ್ಚಿ ಕುಡಿದರು.

ಚೋಫೆಲ್ ಅವರು ಪ್ರದಕ್ಷಿಣೆಗೆ ಹೋದರು. ಶೆಟ್ಟರು ಮಧ್ಯಾಹ್ನವೆಲ್ಲ ಗುಡಿಸಿಲಿನ ಸುತ್ತ ಬಂಡೆಗಳನ್ನು ಹುಡುಕಿದರು. ಹಾವಸೆ ಇತ್ತು, ಹಿಕ್ಕೆ ಇತ್ತು, ಕಸ್ತೂರಿ ಇರಲಿಲ್ಲ. ಸೋತು ಹಿಂದಿರುಗುವಾಗ ಕಾವಲುದೇವರ ಗುಡಿಯ ಕಡೆಯಿಂದ ಗಾಳಿ ಬೀಸಿತು. ಶೆಟ್ಟರು ನಿಂತಲ್ಲೇ ನಿಂತರು. ಚಿಕ್ಕಂದಿನಲ್ಲಿ ತಾತ ಒಂದೇ ಒಂದು ಸಲ ಒಂದು ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಿದ್ದರು; ಆ ವಾಸನೆಯನ್ನು ಅವರ ಮೂಗು ಮರೆತಿರಲಿಲ್ಲ. ಇದು ಅದೇ.

ಗುಡಿಯೊಳಗೆ ಕತ್ತಲು. ದೀಪದ ಬೆಳಕಿನಲ್ಲಿ ಕಣ್ಣು ಹೊಂದಿಕೊಂಡ ಮೇಲೆ, ತೊಲೆಯಿಂದ ನೇತಾಡುತ್ತಿದ್ದ ತಂತಿಯ ಉರುಳುಗಳು, ತುಕ್ಕು ಹಿಡಿದ ನಾಡಬಂದೂಕು ಕಾಣಿಸಿದವು. ಅವುಗಳ ನಡುವೆ ಒಂದು ದಾರದ ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ, ಕೂದಲು ಮುಚ್ಚಿದ, ಒಣಗಿದ ಚೀಲ. ಶೆಟ್ಟರ ಕೈ ತಾನಾಗಿ ಮೇಲೆ ಹೋಯಿತು.

“ಸಿಕ್ತಾ, ಶೆಟ್ರೇ?”

ಅನಿಯಮ್ಮನವರು ಬಾಗಿಲಲ್ಲಿ ನಿಂತಿದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಶೆಟ್ಟರಿಗೆ ತಡೆಯಲಾಗದೆ ಹೋಯಿತು. ಅವರು ಅಲ್ಲೇ ಕುಸಿದು ಕೂತು, ಲಕ್ವ ಹೊಡೆದದ್ದು, ಮಾತು ನಿಂತದ್ದು, ತಾವು ಸುಳ್ಳು ಹೇಳಿಕೊಂಡು ಬಂದದ್ದು, ಭರಣಿ ತೊಳೆದು ತಂದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು. ಕೊನೆಗೆ ಕೈ ಮುಗಿದು, “ಇದು ಇಲ್ಲೇ ಬೆಟ್ಟದಲ್ಲಿ ಉದುರಿದ್ದು ತಾನೆ, ಅನಿಯಮ್ಮ? ಮೃಗ ಕಲ್ಲಿಗೆ ಉಜ್ಜಿ ತಾನಾಗೇ ಉದುರಿಸತ್ತಲ್ಲ. ಯಾರಿಗೂ ನೋವಿಲ್ವಲ್ಲ” ಎಂದರು.

ಅನಿಯಮ್ಮನವರು ತಲೆ ಒಂದಿಷ್ಟು ವಾಲಿಸಿ ಕೇಳಿದರು.

“ನೀವು ನೋಡಿದ್ರಾ?”

ಅದು ಸುನಂದಮ್ಮನವರ ದನಿಯೇ. ಧನಿಯದ ಮೊರ ಒಂದು ಇರಲಿಲ್ಲ, ಅಷ್ಟೇ. ಎಷ್ಟೋ ತಿಂಗಳಿಂದ ಕೇಳದಿದ್ದ ಆ ಪ್ರಶ್ನೆ ಹಿಮಾಲಯದ ಗುಡಿಯೊಂದರಲ್ಲಿ, ಟಿಬೆಟ್ಟಿನ ತಾಯಿಯೊಬ್ಬರ ಬಾಯಿಂದ ಬಂದಾಗ ಅಮರನಾರಾಯಣ ಶೆಟ್ಟರು ಮಗುವಿನಂತೆ ಅತ್ತರು. ಹೆಂಡತಿ ಮಂಚ ಹಿಡಿದ ಮೇಲೆ ಅವರು ಅತ್ತದ್ದು ಅದೇ ಮೊದಲು.

ಅನಿಯಮ್ಮನವರು ಅವರನ್ನು ಅಳಲು ಬಿಟ್ಟರು. ಆಮೇಲೆ ಕೈ ಎತ್ತಿ ದಾರ ಬಿಚ್ಚಿ, ಆ ಚೀಲವನ್ನು ಶೆಟ್ಟರ ಅಂಗೈಯಲ್ಲಿ ಇಟ್ಟರು. ಯಾರೂ ಮುಟ್ಟದ್ದನ್ನು ಅವರು ತಾವಾಗಿ ತೆಗೆದುಕೊಟ್ಟರು.

“ಬೇಕಾದ್ರೆ ತಗೊಂಡು ಹೋಗಿ. ನಾನು ಬೇಡ ಅನ್ನಲ್ಲ. ಆದ್ರೆ ಸಂಜೆ ತನಕ ನನ್ನ ಜೊತೆ ಕೂತ್ಕೊಂಡು, ನೋಡ್ಬಿಟ್ಟು ಹೋಗಿ.”

ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ಬಾಗಿಲ ಕಲ್ಲಿನ ಮೇಲೆ ಕೂತರು. ಶೆಟ್ಟರ ಮುಷ್ಟಿಯಲ್ಲಿ ಚೀಲ, ಅನಿಯಮ್ಮನವರ ಅಂಗೈಯಲ್ಲಿ ಒಂದು ಚಿಟಿಕೆ ಉಪ್ಪು. ಸ್ವಲ್ಪ ಹೊತ್ತಾದ ಮೇಲೆ ಕುರುಚಲು ಮರಗಳ ನಡುವಿನಿಂದ ಒಂದು ಪ್ರಾಣಿ ಹೊರಬಂದಿತು. ಶೆಟ್ಟರು ಅಂಗಡಿಯಲ್ಲಿ ವರ್ಣಿಸುತ್ತಿದ್ದ ಮೃಗಕ್ಕೆ ಕವಲುಕೊಂಬು, ಬಂಗಾರದ ಬಣ್ಣ ಎಲ್ಲ ಇದ್ದವು. ಬಂದದ್ದು ಮೇಕೆಯಷ್ಟು ಎತ್ತರದ, ಕಂದುಬಣ್ಣದ, ಕೊಂಬೇ ಇಲ್ಲದ, ತುಟಿಯ ಎರಡು ಕಡೆಗೂ ಸಣ್ಣ ಕೋರೆ ಇಳಿಬಿಟ್ಟ ಒಂದು ಸಂಕೋಚದ ಜೀವ. ಹಿಂಗಾಲೊಂದನ್ನು ಎಳೆದು ಹಾಕುತ್ತಿತ್ತು. ಆ ಕಾಲಿನ ಸುತ್ತ ತಂತಿ ಕೊರೆದ ಗಾಯದ ಕಲೆ ಬಳೆ ತೊಡಿಸಿದ ಹಾಗಿತ್ತು.

“ಬಾರೋ, ಬಾ. ನಮ್ಮೂರ ಶೆಟ್ರು ಬಂದಿದ್ದಾರೆ ನೋಡು” ಎಂದು ಅನಿಯಮ್ಮನವರು ಕನ್ನಡದಲ್ಲಿ ಕರೆದರು.

ಮೃಗ ಮುಂದೆ ಬಂತು. ಗಾಳಿ ಅದರ ಕಡೆಗೆ ತಿರುಗಿತು. ಒಮ್ಮೆಲೇ ಅದು ಕಲ್ಲಾಗಿ ನಿಂತು, ಶೆಟ್ಟರ ಮುಷ್ಟಿಯನ್ನೇ ನೋಡುತ್ತ ಮೂಗಿನಿಂದ ‘ಹಿಸ್’ ಎಂದು ಉಸಿರು ಬಿಟ್ಟು, ಕುಂಟುಕಾಲಿನಲ್ಲೇ ಜಿಗಿದು ಮರೆಯಾಯಿತು. ಅನಿಯಮ್ಮನವರ ಅಂಗೈಯ ಉಪ್ಪು ಹಾಗೆಯೇ ಉಳಿಯಿತು.

“ದಿನಾ ಬರೋನು” ಎಂದರು ಅವರು, ಅಷ್ಟೇ ಮೆತ್ತಗೆ. “ಅದು ಉದುರಲ್ಲ, ಶೆಟ್ರೇ. ಹೊಟ್ಟೆ ಕೊಯ್ದು ತೆಗೀತಾರೆ. ನಿಮ್ಮ ಕೈಲಿರೋದನ್ನ ತೆಗೆದವನೇ ತಂದು ಇಲ್ಲಿ ಕಟ್ಟಿ ಹೋದ. ಅವನೂ ಹೀಗೇ ಅತ್ತ.”

ಶೆಟ್ಟರು ಮುಷ್ಟಿ ಬಿಚ್ಚಿ ನೋಡಿದರು. ಎಲ್ಲವೂ ಅರ್ಥವಾಗಿತ್ತು, ಆದರೂ ಬೆರಳುಗಳು ಅದನ್ನು ಬಿಡಲೊಲ್ಲವು. “ಇದು ಸತ್ತು ಎಷ್ಟೋ ಕಾಲ ಆಯ್ತಲ್ಲ, ಅನಿಯಮ್ಮ. ಇದರಿಂದ ಅವಳಿಗೆ ಮಾತು ಬಂದ್ರೆ? ಇದೊಂದೇ ದಾರಿ ಇರೋದು ನನಗೆ” ಎಂದು ಗೋಗರೆದರು.

ಅನಿಯಮ್ಮನವರು ಉಪ್ಪನ್ನು ಕಲ್ಲಿನ ಮೇಲೆ ಹಾಕಿ, ಕೈ ಒರೆಸಿಕೊಂಡು ಅವರ ಕಡೆ ತಿರುಗಿದರು.

“ನಾನು ಮೊದಲ ಸಲ ನಿಮ್ಮಂಗಡೀಗೆ ಬಂದಾಗ ನನಗೆ ಮಾತು ಬರ್ತಿತ್ತಾ, ಶೆಟ್ರೇ?”

“ಇಲ್ಲ.”

“ಮೂಗೀ ಹಾಗೆ ಕೈಸನ್ನೆ ಮಾಡ್ತಿದ್ದೆ. ನೀವೆಲ್ಲ ನಗ್ತಿದ್ರಿ. ಸುನಂದಮ್ಮ ಒಳಗೆ ಕರ್ಕೊಂಡು ಕೂರ್ಸಿದ್ರು. ಒಂದೊಂದೇ ಡಬ್ಬಿ ತೆಗೆದು ಮೂಗಿನ ಹತ್ರ ಹಿಡಿಯೋರು. ‘ಇದು ಲವಂಗ, ಹೇಳಿ ಲವಂಗ. ಇದು ಏಲಕ್ಕಿ, ಹೇಳಿ ಏಲಕ್ಕಿ.’ ನಾನು ತಪ್ಪು ಹೇಳಿದ್ರೆ ಮತ್ತೆ ಹಿಡಿಯೋರು. ಸಂತೆ ಸಂತೆಗೂ. ಬೇಜಾರು ಅಂತ ಒಂದಿನಾನೂ ಅನ್ಲಿಲ್ಲ. ಅವರು ನನಗೆ ಯಾವ ಕಸ್ತೂರಿ ತಿನ್ನಿಸಿದ್ರು?”

ಅನಿಯಮ್ಮನವರು ಇನ್ನೂ ಒಂದೇ ಒಂದು ಮಾತು ಆಡಿದರು.

“ನೀವು ಇಲ್ಲಿ ನನ್ನ ಹತ್ರ ಮಾತಾಡ್ತಾ ಕೂತಿದ್ದೀರಿ. ಅಲ್ಲಿ ಅವರ ಹತ್ರ ಯಾರು ಮಾತಾಡ್ತಾ ಇದ್ದಾರೆ?”

ಇಷ್ಟೇ. ಕಸ್ತೂರಿ ತನ್ನಲ್ಲೇ ಇದ್ದರೂ ಕಾಡೆಲ್ಲ ಹುಡುಕುವ ಮೃಗದ ಉಪದೇಶವನ್ನು ಈ ತಾಯಿ ಈಗ ಹೇಳುತ್ತಾರೆಂದು ಶೆಟ್ಟರು ಕಾದಿದ್ದರಂತೆ. ಅದನ್ನು ಅವರೇ ಅಂಗಡಿಯಲ್ಲಿ ಎಷ್ಟೋ ಸಲ ಹೇಳಿದ್ದುಂಟು. ಅನಿಯಮ್ಮನವರು ಅಂಥದ್ದೇನೂ ಹೇಳದೆ ಒಲೆಗೆ ಸೌದೆ ಹಾಕಲು ಎದ್ದು ಹೋದರು. ಶೆಟ್ಟರು ಗುಡಿಗೆ ನಡೆದು, ಚೀಲವನ್ನು ಅದೇ ದಾರಕ್ಕೆ ಕಟ್ಟಿ, ಕಾವಲುದೇವರಿಗೆ ಅಡ್ಡಬಿದ್ದರು. ಬೆಟ್ಟ ಹತ್ತುವಾಗ ಕಲ್ಲು ಕಲ್ಲಿಗೂ ಅಡ್ಡಬಿದ್ದಿದ್ದ ಅವರ ನಿಜವಾದ ಮೊದಲ ನಮಸ್ಕಾರ ಅದು.

ಮರುದಿನ ಬೆಳಕು ಹರಿಯುವಾಗ ಅನಿಯಮ್ಮನವರು ಅವರನ್ನು ಎಬ್ಬಿಸಿದರು. ಕೈ ತೊಳೆಸಿ, ಅಂಗೈಗೆ ಉಪ್ಪು ಹಾಕಿ ಕಲ್ಲಿನ ಮೇಲೆ ಕೂರಿಸಿದರು. ಕುಂಟುಕಾಲಿನ ಮೃಗ ಬಂದಿತು. ನಿಂತಿತು, ಮೂಸಿತು, ಬಹಳ ಹೊತ್ತು ಯೋಚಿಸಿತು. ಅನಿಯಮ್ಮನವರು ಪಕ್ಕದಲ್ಲಿ ಕೂತು ಒಂದೇ ಸಮನೆ ಕನ್ನಡದಲ್ಲಿ ಮಾತನಾಡುತ್ತಿದ್ದರು: ನಿನ್ನೆ ಯಾಕೋ ಓಡಿಹೋದೆ, ಚಳಿ ಜಾಸ್ತಿಯಾಯ್ತಾ, ಕಾಲು ಹೇಗಿದೆ. ಕೊನೆಗೆ ಒಂದು ಒರಟಾದ, ಬೆಚ್ಚನೆಯ ನಾಲಿಗೆ ಶೆಟ್ಟರ ಅಂಗೈಯನ್ನು ತಾಕಿತು. ಶೆಟ್ಟರು ಉಸಿರಾಡುವುದನ್ನೂ ಮರೆತರು.

“ಇದರ ಜೊತೆ ಕನ್ನಡ ಯಾಕೆ, ಅನಿಯಮ್ಮ?” ಎಂದು ಆಮೇಲೆ ಕೇಳಿದರು.

“ಇಲ್ಲಿ ನನ್ನ ಕನ್ನಡ ಕೇಳೋಕೆ ಇನ್ಯಾರಿದ್ದಾರೆ? ಆಡ್ದೆ ಇದ್ರೆ ಮರ್ತುಹೋಗತ್ತೆ. ಸುನಂದಮ್ಮ ಅಷ್ಟು ಕಷ್ಟಪಟ್ಟು ಕೊಟ್ಟಿದ್ದು.”

ಶೆಟ್ಟರು ಚೋಫೆಲ್ ಅವರಿಗೂ ಕಾಯದೆ, ಅಂದೇ ಬೆಟ್ಟ ಇಳಿದರು. ಮಡಿಲಲ್ಲಿ ಭರಣಿ ಖಾಲಿಯಾಗಿಯೇ ಇತ್ತು.

ಊರಿಗೆ ಬಂದ ಮೇಲೆ ಅಂಗಡಿಯ ಡಬ್ಬಿಗಳು ಒಂದೊಂದಾಗಿ ಮನೆಯೊಳಗೆ ಹೋಗತೊಡಗಿದವು. ಶೆಟ್ಟರು ಬೆಳಿಗ್ಗೆ ಮಂಚದ ಪಕ್ಕ ಕೂತು ಮುಚ್ಚಳ ತೆಗೆದು, ಸುನಂದಮ್ಮನವರ ಮೂಗಿನ ಹತ್ತಿರ ಹಿಡಿದು, “ಇದು ಲವಂಗ ಕಣೇ, ಹೇಳು ಲವಂಗ” ಎನ್ನುತ್ತಿದ್ದರು. ಸುನಂದಮ್ಮನವರು ಮೊದಲ ದಿನ ಬಿಟ್ಟ ಕಣ್ಣು ಬಿಟ್ಟಂತೆ ಗಂಡನನ್ನು ನೋಡಿದರು. ಎರಡನೆಯ ದಿನ ಅವರ ಕಣ್ಣಿನಲ್ಲಿ ನೀರು ಬಂತು. ಈ ಪಾಠ ಯಾರದೆಂದು ಅವರಿಗೆ ತಿಳಿಯದೆ ಇರುತ್ತದೆಯೇ? ಗಿರಾಕಿಗಳು ಹೊರಗೆ ಕಾಯುತ್ತಿದ್ದರೂ ಶೆಟ್ಟರು ಏಳುತ್ತಿರಲಿಲ್ಲ. ಪೇಟೆಯ ಸುದ್ದಿ, ಮಳೆಯ ಸುದ್ದಿ, ಕೊತ್ತಂಬರಿ ಬೀಜಕ್ಕೆ ಹುಳ ಬಿದ್ದದ್ದು, ಅನಿಯಮ್ಮನವರ ಉಪ್ಪಿನ ಚಹಾ ಕುಡಿದು ತಾವು ಪಟ್ಟ ಪಾಡು, ಎಲ್ಲವನ್ನೂ ಹೇಳಿದರು. ಒಮ್ಮೊಮ್ಮೆ ಹೇಳುವುದಕ್ಕೆ ಏನೂ ಇಲ್ಲದೆ ಹೋದರೆ ಡಬ್ಬಿಗಳ ಹೆಸರನ್ನೇ ಮತ್ತೆ ಹೇಳುತ್ತಿದ್ದರು. ‘ಶೆಟ್ಟರಿಗೆ ಹೆಂಡತಿಯ ಬಾಯಿ ಬಂದಿದೆ’ ಎಂದು ಪೇಟೆಯವರು ಆಡಿಕೊಂಡರು. ಆದರೂ ಸುನಂದಮ್ಮನವರ ತುಟಿಗಳು ಅಲುಗಾಡುತ್ತಿದ್ದವೇ ಹೊರತು ಮಾತು ಹೊರಡಲಿಲ್ಲ.

ಒಂದು ವಿಷಯವನ್ನು ಮಾತ್ರ ಶೆಟ್ಟರು ಎತ್ತಿರಲಿಲ್ಲ. ಕಸ್ತೂರಿಗೆಂದು ಹೋಗಿ ಬರಿಗೈಯಲ್ಲಿ ಬಂದೆನೆಂದು ಯಾವ ಬಾಯಿಂದ ಹೇಳುವುದು?

ಒಂದು ಶುಕ್ರವಾರ ತಂಗಿ ಸುನಂದಮ್ಮನವರ ತಲೆ ಬಾಚಿ, ಕುಂಕುಮವಿಡಲು, ಶೆಟ್ಟರು ಯಾರಿಗೂ ಹೇಳದೆ ಮರಳಿ ತಂದಿಟ್ಟಿದ್ದ ಬೆಳ್ಳಿ ಭರಣಿ ತೆಗೆದರು. ಭರಣಿ ಖಾಲಿ. ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಸುನಂದಮ್ಮನವರು ಅದನ್ನು ಎಡಗೈಯಲ್ಲಿ ತೆಗೆದುಕೊಂಡು ನೋಡಿದರು, ಆಮೇಲೆ ಗಂಡನ ಕಡೆ ನೋಡಿದರು. ಆ ನೋಟ ಶೆಟ್ಟರಿಗೆ ಚೆನ್ನಾಗಿ ಗೊತ್ತು. ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ.

“ಅದರಲ್ಲಿ ಕಸ್ತೂರಿ ತರೋಣ ಅಂತ ಹೋಗಿದ್ದೆ ಕಣೇ, ನಿನಗೆ” ಎಂದು ಶೆಟ್ಟರು ಶುರುಮಾಡಿದರು. “ನಿನಗೆ ಮಾತು ಬರ್ಲಿ ಅಂತ. ಬೆಟ್ಟದಲ್ಲಿ ಬಿದ್ದಿರತ್ತೆ, ಆರಿಸ್ಕೊಂಡು ಬಂದ್ರೆ ಆಯ್ತು ಅಂದ್ಕೊಂಡಿದ್ದೆ. ಕಲ್ಲು ಕಲ್ಲೂ ಹುಡುಕ್ದೆ. ಆದ್ರೆ ಅದು ಉದುರಲ್ಲ, ಸುನಂದಾ. ಅದನ್ನ ಕೊಂದು, ಹೊಟ್ಟೆ ಕೊಯ್ದು ತೆಗೀತಾರೆ. ನಮ್ಮಪ್ಪ ಹೇಳಿದ್ದೂ ತಪ್ಪು, ನಾನು ಹೇಳಿದ್ದೂ ತಪ್ಪು. ಆ ಮೃಗ ಇಷ್ಟೇ ಎತ್ತರ ಇದೆ. ಕೊಂಬಿಲ್ಲ. ಕಾಲು ಕುಂಟು. ಅನಿಯಮ್ಮನ ಹತ್ರ ಬಂದು ಉಪ್ಪು ತಿನ್ನತ್ತೆ…”

ಸುನಂದಮ್ಮನವರ ತುಟಿ ಅಲುಗಿತು. ಕೊರಳಿನ ನರ ಬಿಗಿಯಿತು. ಎಡಗೈ ಭರಣಿಯನ್ನು ಬಿಟ್ಟು ಹಾಸಿಗೆಯ ಅಂಚನ್ನು ಹಿಡಿಯಿತು. ತಂಗಿ ಹೆದರಿ ಎದ್ದು ನಿಂತರು. ಶೆಟ್ಟರು ಮಾತು ನಿಲ್ಲಿಸಿ ಬಗ್ಗಿದರು.

“ನೀ… ನೀವು… ನೋ… ನೋಡಿದ್ರಾ?”

ಶೆಟ್ಟರು ಹೆಂಡತಿಯ ಸೋತ ಕೈಯನ್ನು ತಮ್ಮ ಎರಡು ಕೈಯಲ್ಲೂ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟರು.

“ನೋಡ್ದೆ ಕಣೇ” ಎಂದರು. “ಈ ಸಲ ನಾನೇ ನೋಡ್ದೆ.”

ಅಲ್ಲಿಂದ ಮುಂದೆ ಸುನಂದಮ್ಮನವರಿಗೆ ಮಾತು ಸ್ವಲ್ಪ ಸ್ವಲ್ಪವಾಗಿ ಮರಳಿತು, ಪೂರ್ತಿಯಾಗಿ ಅಲ್ಲ, ಆದರೆ ಶೆಟ್ಟರನ್ನು ತಿದ್ದುವುದಕ್ಕೆ ಬೇಕಾದಷ್ಟು. ಅನಿಯಮ್ಮನವರು ಮಾಡಿದ ಪವಾಡವೆಂದು ಊರಿನವರು ನಂಬುತ್ತಾರೆ. ಶೆಟ್ಟರು ಮಾತ್ರ, ಆ ತಾಯಿ ಯಾವ ಪವಾಡವನ್ನೂ ಮಾಡಲಿಲ್ಲ, ನನ್ನನ್ನು ನನ್ನ ಮನೆಗೆ ಕಳಿಸಿದರು, ಅಷ್ಟೇ ಎಂದು ಹೇಳುತ್ತ ಕೈ ಜೋಡಿಸುತ್ತಿದ್ದರು. ಅಂಗಡಿಯಲ್ಲಿ ಕಸ್ತೂರಿಯ ಹಳೆಯ ಕಥೆ ನಿಂತಿತು. ಯಾರಾದರೂ ಮನೆಯ ರೋಗಿಗೆಂದು ಔಷಧ ಕೇಳಿ ಬಂದರೆ, ಶೆಟ್ಟರು ಪೊಟ್ಟಣ ಕಟ್ಟಿಕೊಡುತ್ತ, “ಅವರ ಹತ್ರ ಯಾರು ಮಾತಾಡ್ತಾ ಇದ್ದಾರೆ?” ಎಂದು ತಪ್ಪದೆ ವಿಚಾರಿಸುತ್ತಿದ್ದರು. ಪ್ರತಿ ವಸಂತದಲ್ಲಿ ಬೆಟ್ಟಕ್ಕೆ ಮುದ್ರೆ ಬೀಳುವ ಹೊತ್ತಿಗೆ, ಕ್ಯಾಂಪಿನಿಂದ ಹೊರಟವರ ಕೈಯಲ್ಲಿ ಒಂದು ಗಂಟು ಕಲ್ಲುಪ್ಪು ಹೋಗುತ್ತಿತ್ತು. ಅದನ್ನು ಎಡಗೈಯಿಂದಲೇ ಆರಿಸಿ ಹಸನು ಮಾಡುತ್ತಿದ್ದವರು ಸುನಂದಮ್ಮನವರು.

ಮೊದಲ ಗಂಟನ್ನು ಹೊತ್ತು ಹೋದವರು ಭಿಕ್ಷು ಚೋಫೆಲ್. ಅವರು ನಡೆದದ್ದನ್ನೆಲ್ಲ ಹೇಳಿದಾಗ ಅನಿಯಮ್ಮನವರು ಕಣ್ಣು ಮುಚ್ಚಿ, ಜಪಮಾಲೆಯನ್ನು ಹಣೆಗೆ ಒತ್ತಿಕೊಂಡರಂತೆ. ಸಂಜೆಯಾಯಿತು. ಗಂಟು ಬಿಚ್ಚಿ ಒಂದು ಹರಳು ಉಪ್ಪನ್ನು ಅಂಗೈಗೆ ತೆಗೆದುಕೊಂಡು ಬಾಗಿಲ ಕಲ್ಲಿನ ಮೇಲೆ ಹೋಗಿ ಕೂತರು. ಕುಂಟುಕಾಲಿನ ಮೃಗ ಮರಗಳ ನಡುವಿನಿಂದ ಹೊರಬಂದು ಅವರ ಬಳಿಗೆ ನಡೆದುಬಂತು.

“ಕೇಳಿದ್ಯೇನೋ” ಎಂದರು ಅನಿಯಮ್ಮನವರು ಕನ್ನಡದಲ್ಲಿ. “ನಮ್ಮ ಸುನಂದಮ್ಮ ಮಾತಾಡಿದ್ರಂತೆ.”